ಬೋರ್ ನೀರು ಕುಡಿದ ಎಂಟ್ನೂರು

ದೇವರಾಯನದುರ್ಗ ಹತ್ತುವಾಗ ನಮ್ಮ ಮಾರುತಿ 800 ನಿಂತುಹೋಯ್ತಲ್ಲ, ಅವತ್ತು ಅಪ್ಪ ಮೊದಲು ಮಾಡಿದ ಕೆಲಸ ಅಂದ್ರೆ ಡಿಕ್ಕಿ ಎತ್ತಿ ಐದು ಲೀಟರಿನ ನೀರಿನ ಕ್ಯಾನ್ ಈಚೆ ತೆಗೆದಿದ್ದು. ಇಪ್ಪತ್ತು ವರ್ಷದಿಂದ ಅದೇ ಕ್ಯಾನು, ಒಂದು ಕಾಲದಲ್ಲಿ ಅದರಲ್ಲಿ ಕಡಲೆಕಾಯಿ ಎಣ್ಣೆ ಬಂದಿತ್ತು, ಈಗ ಅದು ಯಾವ ಬಣ್ಣ ಅಂತ ಹೇಳೋಕೂ ಆಗಲ್ಲ. ಬಾನೆಟ್ ಸಂದಿಯಿಂದ ಇಡ್ಲಿ ಪಾತ್ರೆ ಥರ ಹಬೆ ಬುಸುಗುಡ್ತಿದೆ, ಇವರು ಒದ್ದೆ ಟವಲ್ ಕೈಗೆ ಸುತ್ಕೊಂಡು ರೇಡಿಯೇಟರ್ ಮುಚ್ಚಳ ತಿರುಗಿಸೋಕೆ ಹೋಗ್ತಿದಾರೆ, ನಾನು ಕಿರುಚ್ಕೊಂಡೆ ಕಿರುಚ್ಕೊಂಡೆ ಹಿಂದೆ ಬರ್ತಿದ್ದ ಬೈಕಿನೋರು ನಿಲ್ಲಿಸಿ ಏನಾಯ್ತು ಅಂತ ಕೇಳೋವಷ್ಟು.

ಯಾಕೆ ಕಿರುಚಿದೆ ಅಂದ್ರೆ, ನಮ್ಮ ತುಮಕೂರು ಸಮುದ್ರ ಮಟ್ಟದಿಂದ ಎಂಟುನೂರು ಮೀಟರ್ ಮೇಲಿದೆ, ಇಲ್ಲಿ ತೆರೆದ ಪಾತ್ರೆಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತೆ. ಆದ್ರೆ ರೇಡಿಯೇಟರ್ ಮುಚ್ಚಳದಲ್ಲಿ ಒಂದು ಸ್ಪ್ರಿಂಗ್ ಇರುತ್ತಲ್ಲ, ಅದು ಒಳಗೆ ಹತ್ತಿರತ್ತಿರ ಒಂದು ಕೆಜಿ ಪ್ರೆಶರ್ ಹಿಡಿದಿಟ್ಕೊಳ್ಳುತ್ತೆ, ಹಂಗಾಗಿ ನೂರ ಹದಿನೈದು ಡಿಗ್ರಿ ತನಕ ನೀರು ನೀರಾಗೇ ಇರುತ್ತೆ. ಮುಚ್ಚಳ ತೆಗೆದ ಕ್ಷಣ ಪ್ರೆಶರ್ ಹೋಯ್ತು ಅಂದ್ರೆ ಒಳಗಿನ ನೀರು ಒಂದೇ ಸಲ ಕುದ್ದು ಹಬೆ ಜೊತೆ ಮುಖಕ್ಕೇ ಹಾರುತ್ತೆ. ಕುಕ್ಕರ್ ವೆಯ್ಟು ಕಿತ್ತಂಗೆ. ಅಪ್ಪಂಗೆ ಇದನ್ನ ಹೇಳಿದ್ರೆ "ಅಂಬಾಸಿಡರ್ ಕಾಲದಿಂದ ನೋಡಿದೀನಿ ಸುಮ್ನಿರು" ಅಂದ್ರು.

ತಪ್ಪು ನಂದೇ, ಗಾಡಿದಲ್ಲ. ನಾಮದ ಚಿಲುಮೆ ಹತ್ರನೇ ಟೆಂಪರೇಚರ್ ಮುಳ್ಳು ಅರ್ಧ ದಾಟಿತ್ತು, ನೋಡ್ದೆ. ಮುಂದೆ ಘಾಟಿ ಶುರುವಾದಾಗ ಮುಕ್ಕಾಲು, ಅದನ್ನೂ ನೋಡ್ದೆ. ಹಿಂದಿನ ಸೀಟಲ್ಲಿ ಅಮ್ಮ ಪುಳಿಯೋಗರೆ ಡಬ್ಬಿ ಹಿಡ್ಕೊಂಡಿದಾರೆ, ಮಂಗಳಾರತಿ ಹೊತ್ತಿಗೆ ಹೋಗ್ಬೇಕು ಅಂತ ಒಂದೇ ಸಮ ಹೇಳ್ತಿದಾರೆ, ಇನ್ನೇನು ಎರಡು ತಿರುವು ಅಷ್ಟೇ ಅಂತ ಸೆಕೆಂಡ್ ಗೇರಲ್ಲಿ ಒತ್ತಿದೆ. ಆ ಎರಡು ತಿರುವಿನ ಬೆಲೆ ಎಷ್ಟಾಯ್ತು ಅಂತ ಮುಂದೆ ಹೇಳ್ತೀನಿ.

ಗಾಡಿ 1998ರದ್ದು, ಕೆಎ 06, ಕಾರ್ಬುರೇಟರ್ ಮಾಡೆಲ್ಲು, ನಾಲ್ಕೇ ಗೇರು. ಅಪ್ಪ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, ನಾನು ಡ್ರೈವಿಂಗ್ ಕಲಿತಿದ್ದೂ ಅದರಲ್ಲೇ. ಗೂಡ್ಸ್ ಗಾಡಿಗೆ ಹಗ್ಗ ಕಟ್ಟಿಸಿ ಕ್ಯಾತ್ಸಂದ್ರದ ಮನೆಗೆ ಎಳ್ಕೊಂಡು ಬಂದ್ವಿ. ಗೊತ್ತಿದ್ದ ಒಬ್ರು ಮೆಕ್ಯಾನಿಕ್ ಬಂದು ಆಯಿಲ್ ಮಟ್ಟ ನೋಡೋ ಡಿಪ್‌ಸ್ಟಿಕ್ ಎಳೆದು ನೋಡಿ, ತೋರಿಸಿ, "ನೋಡಿ ಸಾರ್, ಫಿಲ್ಟರ್ ಕಾಫಿ" ಅಂದ್ರು. ನಿಜವಾಗ್ಲೂ ಅದೇ ಬಣ್ಣ. ಆಯಿಲ್ ಹಾಕೋ ಮುಚ್ಚಳದ ಒಳಗೆ ಕಡೆದ ಮಜ್ಜಿಗೆ ನೊರೆ ಥರ ಬೆಳ್ಳಗೆ ಗಟ್ಟಿಯಾಗಿ ಮೆತ್ಕೊಂಡಿತ್ತು. ಆಯಿಲ್‌ಗೆ ನೀರು ಸೇರಿದೆ ಅಂತ ಅರ್ಥ. ಅವರ ಸಲಹೆ ಸಿಂಪಲ್ಲು, ಗುಜರಿಗೆ ಹಾಕಿ, ಇಲ್ಲಾಂದ್ರೆ ಬೇರೆ ಇಂಜಿನ್ ಕೂರಿಸೋಣ. ನಾನು ಆಯ್ತು ಯೋಚನೆ ಮಾಡ್ತೀನಿ ಅಂತ ಕಳಿಸಿ, ರಾತ್ರಿ ಊಟಕ್ಕೆ ಕೂತಾಗ ಮನೇಲಿ ಹೇಳ್ದೆ, ನಾನೇ ಬಿಚ್ತೀನಿ ಅಂತ.

ಓದಿದ್ದು ಮೆಕ್ಯಾನಿಕಲ್ ಡಿಪ್ಲೊಮಾ, ಇಟ್ಕೊಂಡಿರೋದು ಬಟವಾಡಿ ಹತ್ರ ಎಲೆಕ್ಟ್ರಿಕಲ್ ಅಂಗಡಿ. ಕಾಲೇಜಲ್ಲಿ ನೋಡಿದ ಇಂಜಿನ್ ಅಂದ್ರೆ ಅರ್ಧಕ್ಕೆ ಕೊಯ್ದು ಕೆಂಪು ನೀಲಿ ಪೇಂಟ್ ಹೊಡೆದು ಸ್ಟ್ಯಾಂಡಿಗೆ ಹಾಕಿರೋ ಮಾಡೆಲ್ಲು, ಅದಕ್ಕೆ ಎಣ್ಣೆ ಜಿಡ್ಡೂ ಇಲ್ಲ ವಾಸನೆನೂ ಇಲ್ಲ. ನಿಜವಾದ್ದನ್ನ ಬಿಚ್ಚಬೇಕು ಅನ್ನೋ ಚಪಲ ಹದಿನೈದು ವರ್ಷದಿಂದ ಇತ್ತು, ಈಗ ಹೆಂಗಿದ್ರೂ ಗುಜರಿಗೇ ಹೋಗೋ ಗಾಡಿ, ಕೆಟ್ಟರೆ ಇನ್ನೇನು ಕೆಡುತ್ತೆ. ಅಮ್ಮ ಅಂದಿದ್ದು ಒಂದೇ ಮಾತು, ಸಿಟ್‌ಔಟ್ ಟೈಲ್ಸ್ ಮೇಲೆ ಮಾತ್ರ ಬೇಡ.

ಬಿಚ್ಚೋಕೆ ಮುಂಚೆ ಕಂಪ್ರೆಶನ್ ನೋಡ್ದೆ, ಅಂದ್ರೆ ಒಂದೊಂದು ಸಿಲಿಂಡರ್ ಒಳಗೆ ಗಾಳಿ ಎಷ್ಟು ಒತ್ತಡಕ್ಕೆ ಹಿಂಡುತ್ತೆ ಅಂತ. ಸ್ಪಾರ್ಕ್ ಪ್ಲಗ್ ಮೂರೂ ತೆಗೆದು, ಆ ತೂತಿಗೆ ಒಂದೊಂದಾಗಿ ಗೇಜ್ ಹಿಡಿದು, ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆಯೋದು, ಅಷ್ಟೇ. ಒಂದನೇದು 160 ಪಿಎಸ್‌ಐ, ಎರಡನೇದು 75, ಮೂರನೇದು 70. ಇದನ್ನ ನೋಡಿದ ತಕ್ಷಣನೇ ಅರ್ಧ ರೋಗ ಗೊತ್ತಾಗೋಯ್ತು. ಒಂದೇ ಸಿಲಿಂಡರ್ ಕಮ್ಮಿ ಇದ್ದಿದ್ರೆ ವಾಲ್ವು ಅಥವಾ ರಿಂಗು ಅಂತ ಅನುಮಾನ ಪಡಬೋದಿತ್ತು, ಅಕ್ಕಪಕ್ಕದ ಎರಡೂ ಒಟ್ಟೊಟ್ಟಿಗೆ ಬಿದ್ದಿದಾವೆ ಅಂದ್ರೆ ಎರಡರ ಮಧ್ಯೆ ಗೋಡೆ ಒಡೆದಿದೆ, ಒಬ್ಬರ ಮನೆ ಗಾಳಿ ಇನ್ನೊಬ್ಬರ ಮನೆಗೆ ಹೋಗ್ತಿದೆ. ಆ ಗೋಡೆನೇ ಹೆಡ್ ಗ್ಯಾಸ್ಕೆಟ್ಟು, ಸಿಲಿಂಡರ್ ಇರೋ ಬ್ಲಾಕಿಗೂ ಅದರ ಮೇಲೆ ಮುಚ್ಚಳದಂಗೆ ಕೂರೋ ಹೆಡ್ಡಿಗೂ ಮಧ್ಯೆ ಇಡೋ ತೆಳು ಹಾಳೆ.

ಇಂಜಿನ್ ಎತ್ತೋಕೆ ಏನು ಮಾಡೋದು? ನಮ್ಮ ಬೀದಿ ಕೊನೇಲಿ ಬೋರ್‌ವೆಲ್ ಮೋಟರ್ ಎತ್ತೋರು ಒಬ್ರಿದಾರೆ, ಮೂರು ಕಾಲಿನ ಪೈಪ್ ಸ್ಟ್ಯಾಂಡು, ಮಧ್ಯೆ ಚೈನ್ ಪುಲ್ಲಿ. ಭಾನುವಾರ ಒಂದು ದಿನಕ್ಕೆ ಅಂತ ತಗೊಂಡು ಬಂದೆ. ಆರುನೂರು ಅಡಿ ಪೈಪು ಮೋಟರು ಎಲ್ಲ ಎತ್ತೋ ಸ್ಟ್ಯಾಂಡಿಗೆ ನಮ್ಮ ಎಂಟ್ನೂರರ ಇಂಜಿನ್ ಯಾವ ಲೆಕ್ಕ, ಅದು ಹೂವಿನ ಬುಟ್ಟಿ ಥರ ಎದ್ದು ಬಂತು. ಈ ಬೋರ್‌ವೆಲ್ಲಿನ ಸ್ಟ್ಯಾಂಡೇ ಸಿಕ್ಕಿದ್ದು ಎಂಥಾ ತಮಾಷೆ ಅಂತ ಆಮೇಲೆ ಗೊತ್ತಾಯ್ತು.

ಅದಕ್ಕೂ ಮುಂಚೆ ನೀರು ಇಳಿಸಬೇಕಿತ್ತು. ರೇಡಿಯೇಟರ್ ಕೆಳಗಿನ ಹೋಸ್ ಎಳೆದ್ರೆ ಬಂದಿದ್ದು ನೀರಲ್ಲ, ಕೆಮ್ಮಣ್ಣು ಕಲಸಿದಂಗೆ ಕೆಂಪು ರಾಡಿ, ತಳದಲ್ಲಿ ಮೊಟ್ಟೆ ಸಿಪ್ಪೆ ಥರದ ಚೂರುಗಳು. ಬಕೆಟ್ಟಲ್ಲಿ ಹಿಡಿದು ಪಕ್ಕಕ್ಕಿಟ್ಟೆ. ಆಗ ಅದರ ಬಗ್ಗೆ ತಲೆ ಕೆಡಿಸ್ಕೊಳ್ಳಲಿಲ್ಲ, ಹಳೇ ಗಾಡಿ ತುಕ್ಕು ಇರುತ್ತೆ ಅಂದ್ಕೊಂಡೆ ಅಷ್ಟೇ.

ಬಿಚ್ಚೋ ಕೆಲಸದಲ್ಲಿ ಕಷ್ಟ ಇರೋದು ಸ್ಪ್ಯಾನರ್ ತಿರುಗಿಸೋದ್ರಲ್ಲಲ್ಲ, ಯಾವುದು ಎಲ್ಲಿದ್ದು ಅಂತ ನೆನಪಿಟ್ಕೊಳ್ಳೋದ್ರಲ್ಲಿ. ಕಾರ್ಬುರೇಟರ್ ಸುತ್ತ ಇರೋ ವ್ಯಾಕ್ಯೂಮ್ ಪೈಪುಗಳು ನೋಡಿದ್ರೆ ಶ್ಯಾವಿಗೆ ಒತ್ತಿದಂಗಿದೆ. ಪ್ರತಿಯೊಂದಕ್ಕೂ ಬಿಳಿ ಟೇಪ್ ಸುತ್ತಿ ನಂಬರ್ ಬರೆದು ಮೊಬೈಲಲ್ಲಿ ಫೋಟೋ ಹೊಡ್ಕೊಂಡೆ. ಬೋಲ್ಟುಗಳಿಗೆ ಮೊಟ್ಟೆ ಟ್ರೇ. ವಾಲ್ವು ಆರು ಇದಾವೆ, ಸಿಲಿಂಡರಿಗೆ ಎರಡೆರಡು, ಅವನ್ನ ಅದಲು ಬದಲು ಮಾಡಂಗಿಲ್ಲ, ಒಂದೊಂದೂ ತನ್ನ ಸೀಟಿಗೇ ಸವೆದು ಒಗ್ಗಿರುತ್ತೆ. ಅದಕ್ಕೆ ಅಟ್ಟದ ಮೇಲಿದ್ದ ಹಳೇ ಇಡ್ಲಿ ತಟ್ಟೆ ಇಳಿಸ್ಕೊಂಡೆ, ಒಂದೊಂದು ಗುಳಿಯಲ್ಲಿ ಒಂದೊಂದು ವಾಲ್ವಿನ ಸ್ಪ್ರಿಂಗು, ಮೇಲಿನ ತಟ್ಟೆ, ಆ ಅಕ್ಕಿಕಾಳಿಗಿಂತ ಸ್ವಲ್ಪ ದಪ್ಪ ಇರೋ ಎರಡೆರಡು ಲಾಕು. ಅಮ್ಮ ನೋಡಿ, ಇನ್ಮೇಲೆ ಅದು ನನ್ನ ಅಡುಗೆಮನೆ ಬಾಗಿಲು ದಾಟಬಾರದು ಅಂದ್ರು. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಗೇನು ಬರ ಅಂದೆ, ಬೈಸ್ಕೊಂಡೆ.

ಹೆಡ್ ಬೋಲ್ಟ್ ಬಿಚ್ಚೋದಕ್ಕೊಂದು ಕ್ರಮ ಇದೆ. ತುದಿಯಿಂದ ಶುರು ಮಾಡಿ ಮಧ್ಯಕ್ಕೆ ಬರಬೇಕು, ಅದೂ ಒಂದೇ ಸಲ ಅಲ್ಲ, ಎಲ್ಲಾನೂ ಅರ್ಧರ್ಧ ಸುತ್ತು ಸಡಿಲ ಮಾಡ್ಕೊಂಡು. ಹಾಕುವಾಗ ಉಲ್ಟಾ, ಮಧ್ಯದಿಂದ ತುದಿಗೆ. ಚಾಪೆ ಹಾಸುವಾಗ ಮಧ್ಯದಿಂದ ಒತ್ಕೊಂಡು ಹೋದ್ರೆ ಸುಕ್ಕು ಬರಲ್ವಲ್ಲ ಹಂಗೆ. ಬೋಲ್ಟ್ ಎಲ್ಲ ಬಂದ ಮೇಲೂ ಹೆಡ್ಡು ಅಲ್ಲಾಡಲಿಲ್ಲ, ಮರದ ಸುತ್ತಿಗೆಲಿ ನಾಲ್ಕು ಕಡೆ ತಟ್ಟಿ ತಟ್ಟಿ, ಕೊನೆಗೆ ಕೆಸರಿಂದ ಕಾಲು ಕಿತ್ತಾಗ ಬರೋ ಥರದ್ದೊಂದು ಸೌಂಡ್ ಮಾಡಿ ಬಿಟ್ಕೊಂಡಿತು.

ಎತ್ತಿ ನೋಡ್ತೀನಿ, ಮೂರು ಪಿಸ್ಟನ್ ಸಾಲಾಗಿ. ಒಂದನೇದರ ತಲೆ ಮೇಲೆ ಕರ್ರಗೆ ಬಾಣಲೆ ತಳದ ಮಸಿ ಥರ ಕಾರ್ಬನ್ನು, ಪೆಟ್ರೋಲ್ ಉರಿಯೋ ಜಾಗದಲ್ಲಿ ಇರಬೇಕಾದ್ದೇ. ಎರಡು, ಮೂರು ಮಾತ್ರ ಹಬ್ಬಕ್ಕೆ ಹುಣಸೆಹಣ್ಣು ಹಾಕಿ ಉಜ್ಜಿದಂಗೆ ಥಳಥಳ. ನಮ್ಮಪ್ಪ ಇಣುಕಿ ನೋಡಿ, "ಆ ಎರಡು ಚೆನ್ನಾಗಿದಾವೆ, ಆ ಮೊದಲನೇದೇ ಹೋಗಿರೋದು" ಅಂದ್ರು. ಯಾರಾದ್ರೂ ಹಂಗೇ ಅನ್ಕೋಬೇಕು. ಆದ್ರೆ ಲೆಕ್ಕ ಉಲ್ಟಾ. ಗ್ಯಾಸ್ಕೆಟ್ ಒಡೆದು ನೀರು ಒಳಗೆ ಸೋರಿ, ಅಲ್ಲಿನ ಬೆಂಕಿಗೆ ಅದು ಹಬೆಯಾಗಿ, ಆ ಹಬೆನೇ ಪಿಸ್ಟನ್ ತಲೆನ ತೊಳೆದುಬಿಟ್ಟಿರುತ್ತೆ. ಇಂಜಿನ್ ಒಳಗೆ ಮಸಿ ಇದ್ರೆ ಆರೋಗ್ಯ, ಬೆಳ್ಳಗಿದ್ರೆ ಕಾಯಿಲೆ. ಗ್ಯಾಸ್ಕೆಟ್ ಎತ್ತಿ ಬಿಸಿಲಿಗೆ ಹಿಡಿದೆ, ಎರಡು ಮೂರರ ಮಧ್ಯೆ ಬೆಂಕಿಕಡ್ಡಿ ಎರಡು ಜೋಡಿಸಿದಷ್ಟು ಅಗಲದ ಸೇತುವೆ ಇರುತ್ತೆ, ಅದು ಸುಟ್ಟು ತುಂಡಾಗಿ ಅಂಚು ಕಪ್ಪಗೆ ಮುರುಟ್ಕೊಂಡಿತ್ತು.

ಸರಿ, ಗ್ಯಾಸ್ಕೆಟ್ ಹೋಗಿದೆ, ಹೊಸದು ಹಾಕಿದ್ರಾಯ್ತು. ಆದ್ರೆ ಯಾಕೆ ಹೋಯ್ತು? ಇಲ್ಲಿಂದಾಚೆಗೆ ನಾನು ಮಾಡಿದ್ದೆಲ್ಲ ಆ ಯಾಕೆ ಹುಡುಕೋ ಕೆಲಸನೇ.

ಸಿಲಿಂಡರ್ ಸುತ್ತ ನೀರು ಓಡಾಡೋ ಕಾಲುವೆ ಇರುತ್ತೆ, ವಾಟರ್ ಜಾಕೆಟ್ ಅಂತಾರೆ. ಬ್ಲಾಕಿನ ಮೇಲೆ ಅದರ ಬಾಯಿಗಳು ತೂತು ತೂತಾಗಿ ಕಾಣುತ್ತೆ. ಟಾರ್ಚ್ ಬಿಟ್ಟೆ. ಒಂದನೇ ಸಿಲಿಂಡರ್ ಕಡೆ ಕಿರುಬೆರಳು ಹೋಗುತ್ತೆ. ಮೂರನೇದರ ಹಿಂದೆ ಪೆನ್ಸಿಲ್ ಕೂಡ ಹೋಗಲ್ಲ. ಸ್ಕ್ರೂಡ್ರೈವರ್ ಹಾಕಿ ಕೆರೆದೆ, ಕರಕರ ಅಂತ ಒಂದು ಬಿಲ್ಲೆ ಎದ್ದು ಬಂತು, ಒಂದು ಕಡೆ ತುಕ್ಕಿನ ಕೆಂಪು, ಮುರಿದು ನೋಡಿದ್ರೆ ಒಳಗೆ ಬೂದು ಬಿಳುಪು, ಪದರ ಪದರ, ಸುಮಾರು ಎರಡು ಮೂರು ಮಿಲಿಮೀಟರ್ ದಪ್ಪ. ಕೈಲಿ ಹಿಡಿದ ತಕ್ಷಣ ಎದೆ ಧಸಕ್ ಅಂತು. ಇದು ನಂಗೆ ಗೊತ್ತಿರೋ ವಸ್ತು. ವಾರಕ್ಕೆ ನಾಲ್ಕು ಸಲ ನೋಡೋ ವಸ್ತು.

ಅಂಗಡಿಗೆ ಬರೋ ಗೀಸರ್ ಕಾಯಿಲ್‌ಗಳು ಹೆಂಗಿರ್ತವೆ ಗೊತ್ತಾ? ಕಾಯಿಲೇ ಕಾಣಲ್ಲ, ಮೇಲೆ ಸುಣ್ಣದ ಗಡ್ಡೆ. ನಮ್ಮ ಕಡೆ ಬೋರ್ ನೀರಿನ ಗುಣ ಅದು. ಗಡಸು ನೀರಲ್ಲಿ ಕರಗಿರೋ ಸುಣ್ಣದ ಅಂಶ ತಣ್ಣಗಿರೋ ತನಕ ಸುಮ್ನಿರುತ್ತೆ, ಬಿಸಿ ಮಾಡಿದ ಕೂಡ್ಲೆ ಬೇರೆಯಾಗಿ ಎಲ್ಲಿ ಜಾಸ್ತಿ ಬಿಸಿ ಇದೆಯೋ ಅಲ್ಲೇ ಹೋಗಿ ಕಚ್ಚಿಕೊಳ್ಳುತ್ತೆ. ಬಂದ ಗಿರಾಕಿಗೆಲ್ಲ ನಾನು ಇದೇ ಪಾಠ ಮಾಡೋದು, "ನೋಡಿ ಮೇಡಂ, ಇದು ಕಂಪನಿ ತಪ್ಪಲ್ಲ, ನಿಮ್ಮನೆ ನೀರಿಂದು, ವರ್ಷಕ್ಕೊಂದ್ಸಲ ಬಿಚ್ಚಿಸಿ ಕ್ಲೀನ್ ಮಾಡಿಸಿ" ಅಂತ. ಮನೇಲಿ ಹೇಮಾವತಿ ನೀರು ಬಂದ ದಿನ ಕುಡಿಯೋಕೆ ಹಿಡಿದಿಡೋದು, ಮಿಕ್ಕಿದ್ದಕ್ಕೆಲ್ಲ ಬೋರು. ಡಿಕ್ಕಿಯ ಆ ಐದು ಲೀಟರಿನ ಕ್ಯಾನ್ ತುಂಬೋದು ಎಲ್ಲಿಂದ? ಹಿತ್ತಲಿನ ಬೋರ್ ನಲ್ಲಿಯಿಂದ. ತುಂಬ್ತಿದ್ದೋನು ಯಾರು? ಪ್ರತಿ ಭಾನುವಾರ, ನಾನೇ.

ಆದ್ರೂ ಒಂದು ಪರೀಕ್ಷೆ ಇರಲಿ ಅಂತ ಅಡುಗೆಮನೆಯಿಂದ ಅರ್ಧ ನಿಂಬೆಹಣ್ಣು ತಂದು ಆ ಬಿಲ್ಲೆ ಮುರಿದ ಕಡೆ ಹಿಂಡಿದೆ. ಬುರಬುರ ಅಂತ ನೊರೆ ಎದ್ದಿತು, ಸೋಡಾ ಥರ. ಸುಣ್ಣನೇ. ಅಪ್ಪ ಪ್ಲಾಸ್ಟಿಕ್ ಚೇರಲ್ಲಿ ಕೂತು ಪೇಪರ್ ಓದ್ತಿದ್ದೋರು ಬಗ್ಗಿ ನೋಡಿ ಏನೂ ಅನ್ನಲಿಲ್ಲ. ಪ್ರತಿ ಆಯುಧಪೂಜೆಗೂ ಈ ಗಾಡಿಗೆ ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು ಇಟ್ಟು ಹತ್ತಿಸಿದೀವಿ, ಬೂದುಗುಂಬಳಕಾಯಿ ಒಡೆದಿದೀವಿ, ಬಾನೆಟ್ ಮೇಲೆ ಚೆಂಡುಹೂವಿನ ಹಾರ. ಬಾನೆಟ್ ಕೆಳಗೆ ಕೂಲೆಂಟ್ ಹಾಕಿದ ನೆನಪು ಇಬ್ಬರಿಗೂ ಇಲ್ಲ. "ನಮ್ಮೂರಲ್ಲಿ ಐಸ್ ಬೀಳುತ್ತಾ, ಆ ಹಸಿರು ನೀರು ಯಾಕೆ" ಅನ್ನೋದು ನಮ್ಮಪ್ಪಂದು ಮಾತ್ರ ಅಲ್ಲ, ನನಗೆ ಗೊತ್ತಿರೋ ಅರ್ಧ ಊರಿಂದು. ಐಸಿಗಲ್ಲ ಸ್ವಾಮಿ ಅದು, ಇಲ್ಲಿ ಅದು ಬೇಕಾಗಿರೋದು ತುಕ್ಕು ಹಿಡೀದಿರಲಿ ಅಂತ. ಜೊತೆಗೆ ಅದನ್ನ ಬೆರೆಸೋದು ಡಿಸ್ಟಿಲ್ಡ್ ವಾಟರಿಗೆ, ಅದರಲ್ಲಿ ಸುಣ್ಣ ಇರಲ್ಲ. ಇನ್ವರ್ಟರ್ ಬ್ಯಾಟರಿಗೆ ಹಾಕೋ ಆ ನೀರನ್ನ ನಾನು ಅಂಗಡೀಲಿ ಕ್ಯಾನ್‌ಗಟ್ಟಲೆ ಮಾರ್ತೀನಿ. ಇನ್ನೇನು ಹೇಳ್ಲಿ.

ಸಾಕ್ಷಿಗಳು ಆಮೇಲೆ ಒಂದರ ಹಿಂದೆ ಒಂದು ಬಂದ್ವು. ವಾಟರ್ ಪಂಪಿನ ರೆಕ್ಕೆ ಹುಳ ತಿಂದ ಎಲೆ ಥರ ಅಂಚೆಲ್ಲ ಕೊರೆದು ಹೋಗಿತ್ತು. ಬ್ಲಾಕಿನ ಪಕ್ಕದಲ್ಲಿ ಬಿಲ್ಲೆ ಥರ ತಗಡಿನ ಬಿರಡೆಗಳಿರುತ್ತಲ್ಲ, ವೆಲ್ಶ್ ಪ್ಲಗ್ಗು, ಅದರಲ್ಲೊಂದನ್ನ ಸ್ಕ್ರೂಡ್ರೈವರಿಂದ ಸುಮ್ನೆ ತಟ್ಟಿದೆ, ಹಪ್ಪಳಕ್ಕೆ ತೂತು ಬಿದ್ದಂಗೆ ತೂರಿಕೊಂಡು ಹೋಯ್ತು. ಇಂಜಿನ್ ಬಿಸಿ ಆಗೋ ತನಕ ನೀರನ್ನ ರೇಡಿಯೇಟರಿಗೆ ಬಿಡದೆ ತಡೆಯೋ ಥರ್ಮೋಸ್ಟಾಟ್ ಇರುತ್ತಲ್ಲ, ಅದರ ಡಬ್ಬಿ ಬಿಚ್ಚಿದ್ರೆ ಖಾಲಿ. ಯಾವ ಕಾಲದಲ್ಲೋ ಯಾರೋ "ಇಲ್ಲಿ ಬಿಸಿಲು ಜಾಸ್ತಿ ಸಾರ್, ಇದು ಬೇಡ" ಅಂತ ಕಿತ್ತು ಬಿಸಾಕಿದಾರೆ. ಅದು ಇಲ್ಲದಿದ್ರೆ ಬೆಳಗ್ಗೆ ಇಂಜಿನ್ ಬೇಗ ಬಿಸಿ ಆಗಲ್ಲ, ಪೆಟ್ರೋಲ್ ಜಾಸ್ತಿ ಕುಡಿಯುತ್ತೆ, ಆಯಿಲಲ್ಲಿ ರಾಡಿ ಕಟ್ಟುತ್ತೆ. ಅಷ್ಟೇ ಅಲ್ಲ, ಇಷ್ಟು ವರ್ಷ ಮುಳ್ಳು ಯಾವಾಗ್ಲೂ ಕೆಳಗೇ ಇರ್ತಿತ್ತು, ಹಂಗಾಗಿ ಒಳಗೆ ಸುಣ್ಣ ಕಟ್ತಿರೋದು ನಮಗೆ ಕಾಣಲೇ ಇಲ್ಲ. ಟೌನಲ್ಲಿ ಅಂಗಡಿಗೆ ಹೋಗಿ ಬರೋಕೆ ಏನೂ ತೊಂದ್ರೆ ಇರಲಿಲ್ಲ, ಘಾಟಿ ಹತ್ತಿಸಿದಾಗ ಬಂಡವಾಳ ಬಯಲಾಯ್ತು.

ಇನ್ನು ಹೆಡ್ಡು. ಬ್ಲಾಕು ಬೀಡು, ಅಂದ್ರೆ ಎರಕದ ಕಬ್ಬಿಣ, ಹೆಡ್ಡು ಅಲ್ಯೂಮಿನಿಯಂ. ಒಂದೇ ಬಿಸಿಗೆ ಅಲ್ಯೂಮಿನಿಯಂ ಬೀಡಿಗಿಂತ ಹೆಚ್ಚುಕಮ್ಮಿ ಎರಡರಷ್ಟು ಹಿಗ್ಗುತ್ತೆ. ಮಾಮೂಲಿ ಬಿಸೀಲಿ ಇಬ್ರೂ ಹೊಂದಿಕೊಂಡು ಇರ್ತಾರೆ, ಹದ್ದು ಮೀರಿ ಕಾದ್ರೆ ಬೋಲ್ಟ್ ಹಾಕಿ ಕಟ್ಟಿರೋ ಹೆಡ್ಡು ಹೋಗೋಕೆ ಜಾಗ ಇಲ್ದೆ ಬಾಗುತ್ತೆ, ಆರಿದ ಮೇಲೂ ಹಂಗೇ ಉಳಿಯುತ್ತೆ. ಎಷ್ಟು ಬಾಗಿದೆ ಅಂತ ನೋಡೋಕೆ ಪಕ್ಕಾ ನೇರ ಇರೋ ಸ್ಟೀಲ್ ಪಟ್ಟಿ ಬೇಕು, ನನ್ನ ಹತ್ರ ಇರೋದು ಮಗಳ ಜಾಮಿಟ್ರಿ ಬಾಕ್ಸಿನ ಸ್ಕೇಲು.

ನಾಲ್ಕನೇ ಮನೇಲಿ ಒಬ್ರು ಹಿರಿಯರಿದಾರೆ, ಎಚ್‌ಎಂಟಿ ವಾಚ್ ಫ್ಯಾಕ್ಟರಿಲಿ ಟೂಲ್‌ರೂಮಲ್ಲಿದ್ದು ರಿಟೈರ್ ಆದೋರು. ನಮ್ಮೂರಿನ ಆ ಫ್ಯಾಕ್ಟರಿ ಮುಚ್ಚಿ ಜಾಗ ಇಸ್ರೋ ಕೈ ಸೇರಿ ವರ್ಷಗಳಾಯ್ತು, ಇವರ ಮನೆ ಬೀರುವಲ್ಲಿ ಮಾತ್ರ ಮೈಕ್ರೋಮೀಟರು, ಫೀಲರ್ ಗೇಜು, ಡಯಲ್ ಗೇಜು ಎಲ್ಲಾ ಫ್ಲಾನೆಲ್ ಬಟ್ಟೇಲಿ ಸುತ್ತಿ ದೇವರ ಸಾಮಾನಿನ ಥರ ಇವೆ. ಕೊಡಿ ಅಂದ್ರೆ ಕೊಡಲ್ಲ, ತಾವೇ ಬಂದ್ರು. ಕನ್ನಡಕ ಒರೆಸಿ, ಹೆಡ್ ಮೇಲೆ ಪಟ್ಟಿ ಇಟ್ಟು, ಉದ್ದ, ಅಡ್ಡ, ಮೂಲೆಯಿಂದ ಮೂಲೆಗೆ, ಸಂದಿಗೆ ಫೀಲರ್ ಗೇಜಿನ ತೆಳು ತಗಡಿನ ಎಲೆಗಳನ್ನ ಒಂದೊಂದೇ ತೂರಿಸ್ತಾ ಹೋದ್ರು. ಸಾಮಾನ್ಯವಾಗಿ 0.05 ಮಿಲಿಮೀಟರ್ ತನಕ ನಡೆಯುತ್ತೆ, ನಮ್ಮದು 0.12. ಎರಡು ಮೂರರ ಮಧ್ಯೆನೇ. ಒಂದು ಕೂದಲೆಳೆ ದಪ್ಪಕ್ಕೆ ಸ್ವಲ್ಪ ಜಾಸ್ತಿ, ಅಷ್ಟಕ್ಕೇ ಮನೆ ಹಾಳು ಅಂದೆ ನಾನು. ಅವರು ನಗಲಿಲ್ಲ. "ಇಷ್ಟು ಸಂದೀಲಿ ನಮ್ಮ ಬ್ಯಾಲೆನ್ಸ್ ಚಕ್ರದ ಪಿವಟ್ಟೇ ತೂರುತ್ತಪ್ಪ" ಅಂದ್ರು, ನಿಮ್ಮದೆಲ್ಲ ಎಂಥ ಒರಟು ಕೆಲಸ ಅನ್ನೋ ಥರ.

ಮಧ್ಯಾಹ್ನ ಊಟ ಆದ್ಮೇಲೆ ಇಂಜಿನ್ ತಳದ ಆಯಿಲ್ ಸಂಪ್ ಬಿಚ್ಚಿ, ಪಿಸ್ಟನ್ನಿಗೆ ಸೇರಿರೋ ಕನೆಕ್ಟಿಂಗ್ ರಾಡಿನ ಕ್ಯಾಪ್ ತೆಗೆದು ಪಿಸ್ಟನ್ ಮೂರನ್ನೂ ಮೇಲಕ್ಕೆ ತಳ್ಳಿದೆ. ಕ್ಯಾಪು ಅದರದ್ದೇ ರಾಡಿಗೆ, ಅದೇ ದಿಕ್ಕಿಗೆ ಹೋಗಬೇಕು, ಪಂಚ್ ಹೊಡೆದು ಒಂದು ಚುಕ್ಕೆ ಎರಡು ಚುಕ್ಕೆ ಮೂರು ಚುಕ್ಕೆ ಗುರುತು ಮಾಡ್ಕೊಂಡೆ. ಒಳಗಿರೋ ಬೇರಿಂಗ್ ಅಂದ್ರೆ ಅರ್ಧ ಚಂದ್ರಾಕಾರದ ತೆಳು ತಗಡು, ಬಾಲ್ ಗೀಲ್ ಏನೂ ಇರಲ್ಲ, ಆಯಿಲ್ ಪದರದ ಮೇಲೇ ಕ್ರ್ಯಾಂಕ್, ಅಂದ್ರೆ ಪಿಸ್ಟನ್‌ಗಳು ತಿರುಗಿಸೋ ದಂಡ, ತೇಲ್ತಾ ತಿರುಗುತ್ತೆ. ಚೆನ್ನಾಗಿದ್ರೆ ಒಂದೇ ಸಮ ಬೂದು ಬಣ್ಣ, ಸವೆದ್ರೆ ಕೆಳಗಿನ ತಾಮ್ರ ಇಣುಕುತ್ತೆ. ಮೂರನೇದರಲ್ಲಿ ಹೆಬ್ಬೆಟ್ಟಿನ ಗುರುತಿನಷ್ಟು ತಾಮ್ರ ಕಾಣಿಸ್ತು. ಆಯಿಲ್ ಬದಲು ಫಿಲ್ಟರ್ ಕಾಫಿ ಓಡಾಡಿದ್ರೆ ಪದರ ಎಲ್ಲಿ ನಿಲ್ಲುತ್ತೆ. ಕ್ರ್ಯಾಂಕಿನ ಮೇಲೆ ಉಗುರು ಎಳೆದು ನೋಡ್ದೆ, ಎಲ್ಲೂ ಸಿಕ್ಕಿಕೊಳ್ಳಲಿಲ್ಲ, ಅದು ಬದುಕಿದೆ. ಇನ್ನೊಂದು ಹತ್ತು ಕಿಲೋಮೀಟರ್ ಓಡಿಸಿದ್ರೆ ಹಿಂಗಿರ್ತಿರಲಿಲ್ಲ ಅನ್ಸುತ್ತೆ.

ಅಷ್ಟೊತ್ತಿಗೆ ಹಿರಿಯರು ಸಿಲಿಂಡರ್ ಒಳಗೆ ಡಯಲ್ ಗೇಜ್ ಇಳಿಸಿ ಒಂದೊಂದರಲ್ಲೂ ಮೇಲೆ ಮಧ್ಯೆ ಕೆಳಗೆ, ಎರಡು ದಿಕ್ಕಲ್ಲಿ ನೋಡಿ, ಚೀಟಿ ಮೇಲೆ ಬರ್ಕೊಳ್ತಿದಾರೆ. ಅಪ್ಪ ಕಾಫಿ ತಂದ್ರು. ಇವರು ತಲೆ ಎತ್ತದೆ "ಬೋರ್ ಚೆನ್ನಾಗಿದೆ ಕಣ್ರೀ, ಒಂಚೂರೂ ಹೋಗಿಲ್ಲ" ಅಂದ್ರು. ಅಪ್ಪ ಖುಷಿಯಾಗಿ "ಹ್ಞೂಂ ಸಾರ್, ಆರುನೂರು ಅಡಿಗೆ ಸಿಕ್ತು, ಎರಡೂವರೆ ಇಂಚು, ಬೇಸಿಗೆಲೂ ನಿಂತಿಲ್ಲ" ಅಂದ್ರು. ಇಬ್ರೂ ಒಬ್ಬರನ್ನೊಬ್ರು ನೋಡಿದ್ರು. ನಾನು ಬ್ಲಾಕ್ ಹಿಂದೆ ಹೋಗಿ ನಕ್ಕೆ.

ಆ ಇಂಜಿನ್ನಿನ ಬೋರು, ಅಂದ್ರೆ ಸಿಲಿಂಡರಿನ ಒಳ ಅಗಲ, 68.5 ಮಿಲಿಮೀಟರ್, ಸ್ಟ್ರೋಕು, ಅಂದ್ರೆ ಪಿಸ್ಟನ್ ಓಡಾಡೋ ದೂರ, 72. ಇದನ್ನ ಲೆಕ್ಕ ಹಾಕಿ ನೋಡಿ, 6.85 ಸೆಂಟಿಮೀಟರ್ ಅಗಲದ ಡಬ್ಬಿ, 7.2 ಎತ್ತರ, ಒಂದರಲ್ಲಿ 265 ಸಿಸಿ ಚಿಲ್ಲರೆ, ಇಂಟು ಮೂರು, ಸರಿಯಾಗಿ 796. ಎಂಟ್ನೂರು ಅಂತ ಕರೆಯೋದಷ್ಟೇ, ನಾಲ್ಕು ಸಿಸಿ ಕಮ್ಮಿ. ನಮ್ಮದರಲ್ಲಿ ಜಾಸ್ತಿ ಸವೆದಿದ್ದ ಜಾಗದಲ್ಲೂ 68.54 ಅಷ್ಟೇ ಇತ್ತು, ಅಂದ್ರೆ ಬೋರಿಂಗ್ ಮಾಡಿಸಿ ದಪ್ಪ ಪಿಸ್ಟನ್ ಹಾಕೋ ಖರ್ಚಿಲ್ಲ. ಒಳಗೋಡೆ ಮೇಲೆ ಹೋನಿಂಗ್ ಮಾಡಿದ ಅಡ್ಡಡ್ಡ ಗೀರು ಇನ್ನೂ ಅಲ್ಲಲ್ಲಿ ಕಾಣ್ತಿತ್ತು. ರಿಂಗುಗಳನ್ನ ಸಿಲಿಂಡರ್ ಒಳಗೆ ಬರಿದೇ ಇಳಿಸಿ, ಪಿಸ್ಟನ್ ತಲೆಯಿಂದ ನೆಟ್ಟಗೆ ಕೂರಿಸಿ, ಬಾಯಿ ಸಂದಿ ನೋಡಿದ್ವಿ, ಹೊಸದಕ್ಕೆ ಕಾಲು ಮಿಲಿಮೀಟರ್ ಆಸುಪಾಸು ಇರಬೇಕಾದ್ದು ಇಲ್ಲಿ ಅರ್ಧ ದಾಟಿತ್ತು. ರಿಂಗ್ ಬದಲಾಯಿಸಬೇಕು, ಆಯ್ತು, ಅದೇನು ದೊಡ್ಡದಲ್ಲ. ಒಂದೂವರೆ ಲಕ್ಷ ಕಿಲೋಮೀಟರ್ ಹತ್ರ ಓಡಿರೋ ಇಂಜಿನ್ನು ಇಷ್ಟು ಗಟ್ಟಿಯಾಗಿದೆ, ಅದನ್ನ ನಾವು ಬೋರ್ ನೀರು ಕುಡಿಸಿ ಕೊಲ್ಲೋಕೆ ಹೊರಟಿದ್ವಿ.

ವಾಲ್ವ್ ಸೋರುತ್ತಾ ಅಂತ ನೋಡೋಕೆ ಹೆಡ್ಡು ತಲೆಕೆಳಗೆ ಇಟ್ಟು, ಉರಿಯೋ ಜಾಗದ ಗುಳಿಗೆ ಸೀಮೆಎಣ್ಣೆ ಸುರಿದು ಬಿಟ್ವಿ. ಐದು ಗಟ್ಟಿ ನಿಂತವು, ಮೂರನೇ ಸಿಲಿಂಡರಿನ ಎಕ್ಸಾಸ್ಟ್ ವಾಲ್ವಿನಿಂದ ತೊಟ್ಟಿಕ್ಕೋಕೆ ಶುರುವಾಯ್ತು. ಮತ್ತೆ ಅದೇ ಮೂರನೇದು. ಎಕ್ಸಾಸ್ಟ್ ವಾಲ್ವ್ ಅಂದ್ರೆ ಇಂಜಿನ್ನಲ್ಲಿ ಎಲ್ಲಕ್ಕಿಂತ ಬಿಸಿ ಇರೋ ಜಾಗ, ಅದರ ಬಿಸಿ ಇಳಿಯೋದು ಸೀಟಿನ ಮೂಲಕ ಹಿಂದಿರೋ ನೀರಿಗೆ, ಆ ನೀರಿಗೂ ಸೀಟಿಗೂ ಮಧ್ಯೆ ಸುಣ್ಣದ ಗೋಡೆ ಕಟ್ಟಿದ್ರೆ ಬಿಸಿ ಹೋಗೋದೆಲ್ಲಿಗೆ. ಸುಣ್ಣ ಬಿಸಿ ದಾಟಿಸೋದ್ರಲ್ಲಿ ಲೋಹದ ಮುಂದೆ ಏನೇನೂ ಅಲ್ಲ, ಕಂಬಳಿ ಹೊದಿಸಿದಂಗೆ. ಗ್ರೈಂಡಿಂಗ್ ಪೇಸ್ಟ್ ಹಚ್ಚಿ, ರಬ್ಬರ್ ಕಪ್ಪಿನ ಕೋಲು ಅಂಟಿಸಿ, ಅಂಗೈ ಮಧ್ಯೆ ಮಜ್ಜಿಗೆ ಕಡಗೋಲು ತಿರುಗಿಸಿದಂಗೆ ತಿರುಗಿಸ್ತಾ ಕೂತೆ. ಮೊದಮೊದಲು ಗರಗರ, ಆಮೇಲೆ ಸರಸರ, ಕೊನೆಗೆ ಸೌಂಡೇ ಇಲ್ಲ, ಸೀಟಿನ ಮೇಲೆ ಒಂದೇ ಅಗಲದ ಮಂಕು ಉಂಗುರ ಬಂದಾಗ ನಿಲ್ಲಿಸಿದೆ.

ಮಿಕ್ಕಿದ್ದು ಬೇಗ ಹೇಳಿಬಿಡ್ತೀನಿ. ಹೆಡ್ಡು ಅಂತರಸನಹಳ್ಳಿ ಕಡೆ ಒಂದು ವರ್ಕ್‌ಶಾಪಲ್ಲಿ ಮಟ್ಟ ಹೊಡೆಸಿದೆ, ಬ್ಲಾಕ್ ಅವರ ಹತ್ರನೇ ಕೆಮಿಕಲ್ ತೊಟ್ಟೀಲಿ ಮುಳುಗಿಸಿ ಸುಣ್ಣ ಬಿಡಿಸಿದ್ರು, ಎರಡು ದಿನ ಬೇಕಾಯ್ತು, ಏನ್ ಸಾರ್ ಇದರಲ್ಲಿ ಮನೆಗೆ ಸುಣ್ಣ ಹೊಡೀಬೋದಿತ್ತು ಅಂದ ಅಲ್ಲಿನ ಹುಡುಗ. ಗ್ಯಾಸ್ಕೆಟ್ ಸೆಟ್ಟು, ರಿಂಗು, ಬೇರಿಂಗು, ವಾಟರ್ ಪಂಪು, ಟೈಮಿಂಗ್ ಬೆಲ್ಟು, ಥರ್ಮೋಸ್ಟಾಟು, ಹೋಸು, ಲೇತ್ ಕೂಲಿ ಎಲ್ಲ ಸೇರಿ ಹದಿನೆಂಟು ಸಾವಿರ ಚಿಲ್ಲರೆ. ಆ ಎರಡು ತಿರುವಿಗೆ ಒಂಬತ್ತೊಂಬತ್ತು ಸಾವಿರ ಅಂತ ಲೆಕ್ಕ ಹಾಕ್ಕೊಂಡೆ. ಹೊಸ ಥರ್ಮೋಸ್ಟಾಟನ್ನ ಹಾಕೋ ಮುಂಚೆ ಹಾಲಿನ ಪಾತ್ರೇಲಿ ನೀರಿಟ್ಟು ಥರ್ಮಾಮೀಟರ್ ಜೊತೆ ಕಾಯಿಸಿ ನೋಡ್ದೆ, 82 ಅಂತ ಕೆತ್ತಿತ್ತು, ಎಂಬತ್ತು ದಾಟ್ತಿದ್ದಂಗೆ ಒಳಗಿನ ಮೇಣ ಕರಗಿ ಬಾಯಿ ಮೆಲ್ಲಗೆ ಬಿಡ್ತು, ಮೊಗ್ಗು ಅರಳಿದಂಗೆ. ಅಮ್ಮಂಗೂ ಕರೆದು ತೋರಿಸ್ದೆ. ಪಾತ್ರೆ ಯಾವುದು ಅಂತ ನೋಡಿದ್ರು ಅಷ್ಟೇ.

ಜೋಡಿಸುವಾಗ ಒಂದು ಎಡವಟ್ಟು ಮಾಡ್ದೆ. ಕ್ರ್ಯಾಂಕ್ ಎರಡು ಸುತ್ತು ತಿರುಗಿದ್ರೆ ವಾಲ್ವ್ ತೆರೆಯೋ ಕ್ಯಾಮ್ ಒಂದು ಸುತ್ತು, ಅದಕ್ಕೇ ಕ್ಯಾಮಿನ ಚಕ್ರಕ್ಕೆ ಎರಡರಷ್ಟು ಹಲ್ಲು, ಎರಡರ ಗುರುತೂ ಸರಿಯಾಗಿ ಕೂತಾಗ ಬೆಲ್ಟ್ ಹಾಕಬೇಕು. ಹಾಕ್ದೆ, ಟೆನ್ಷನರ್ ಬಿಗಿ ಮಾಡುವಾಗ ಒಂದು ಹಲ್ಲು ಜಾರಿದ್ದು ಗಮನಿಸಲಿಲ್ಲ. ಸ್ಟಾರ್ಟ್ ಆಯ್ತು, ಆದ್ರೆ ಮೂರು ಕಾಲಿನ ಎತ್ತು ಥರ ಕುಂಟುತ್ತೆ, ಕಾಲು ತೆಗೆದ್ರೆ ಆಫು. ಮತ್ತೆ ಪುಲ್ಲಿ ಬಿಚ್ಚಿ, ಕವರ್ ಬಿಚ್ಚಿ, ಬೆಲ್ಟ್ ಹಾಕಿ, ಈ ಸಲ ಕೈಯಲ್ಲೇ ಎರಡು ಸುತ್ತು ತಿರುಗಿಸಿ ಗುರುತು ಮತ್ತೆ ಕೂಡುತ್ತಾ ಅಂತ ನೋಡಿ ಆಮೇಲೆ ಮುಚ್ಚಿದೆ. ರಾತ್ರಿ ಹತ್ತೂವರೆಗೆ ಸೆಲ್ಫ್ ಹೊಡೆದಾಗ ಆ ಮೂರು ಸಿಲಿಂಡರಿನ ಗುರುಗುರು ಒಂದೇ ಸಮ ಬಂತು ನೋಡಿ, ನಾಲ್ಕನೇ ಮನೆ ಲೈಟ್ ಹತ್ತಿತು. ಬೈಯ್ಯೋಕಲ್ಲ, ಬಾಲ್ಕನಿಗೆ ಬಂದು ಕಿವಿ ಕೊಟ್ಟು ಕೇಳಿ ಒಳಗೆ ಹೋದ್ರು.

ಹದಿನೈದು ದಿನ ಟೌನಲ್ಲೇ ಓಡಿಸಿ, ಆಯಿಲ್ ಒಂದ್ಸಲ ಬದಲಾಯಿಸಿ, ಮತ್ತೆ ದೇವರಾಯನದುರ್ಗಕ್ಕೆ ಹೊರಟ್ವಿ. ಅದೇ ನಾಲ್ಕು ಜನ, ಅದೇ ಪುಳಿಯೋಗರೆ. ನಾಮದ ಚಿಲುಮೆ ಹತ್ರ ಮುಳ್ಳು ಅರ್ಧದ ಕೆಳಗೆ, ಮೊದಲನೇ ತಿರುವು ಅಲ್ಲೇ, ಎರಡನೇ ತಿರುವು ಅಲ್ಲೇ, ನಾನು ರಸ್ತೆಗಿಂತ ಜಾಸ್ತಿ ಅದನ್ನೇ ನೋಡ್ತಿದ್ದೆ ಅಂತ ಹೆಂಡತಿ ಎರಡು ಸಲ ಬೈದಳು. ಮೇಲೆ ದೇವಸ್ಥಾನದ ಹತ್ರ ನಿಲ್ಲಿಸಿ ಇಳಿದ್ವಿ. ತಿರುಗಿ ನೋಡಿದ್ರೆ ಅಪ್ಪ ಡಿಕ್ಕಿ ಎತ್ತಿದಾರೆ, ಒಳಗೆ ಹುಡುಕ್ತಿದಾರೆ.

"ಕ್ಯಾನ್ ಎಲ್ಲಿಟ್ಟಿದೀಯೋ?"

ಮನೇಲಿ, ಕರಿಬೇವಿನ ಗಿಡದ ಹತ್ರ ಅಂದೆ. ಕೂಲೆಂಟ್ ಹಾಕಿದೀನಪ್ಪ, ನೀರು ಬೇಡ ಇದಕ್ಕೆ.

"ಇಂಜಿನ್ನಿಗಲ್ಲ ಕಣೋ, ಕೈ ತೊಳೆಯೋಕೆ" ಅಂದು ಡಿಕ್ಕಿ ಹಾಕಿದ್ರು. ನಂಬಿಕೆ ಬರಲಿಲ್ಲ ನಂಗೆ. ನಾವೆಲ್ಲ ಮೆಟ್ಟಿಲು ಹತ್ತೋಕೆ ಶುರು ಮಾಡಿದ ಮೇಲೆ ಅವರು ಹಿಂದೆ ಉಳಿದು, ಬಾನೆಟ್ ಮೇಲೆ ಒಂದು ಸಲ ಅಂಗೈ ಇಟ್ಟು ನೋಡಿ, ಆಮೇಲೆ ಬಂದ್ರು.